ನಾಲ್ಕನೆಯ ಟಾರ್ಪಾಲ್

ಅಧ್ಯಕ್ಷತೆ ವಹಿಸಿರುವ ಈ ತೋಟದ ಮಾಲೀಕರಾದ ಚನ್ನಕೇಶವ ಅವರೇ, ನನ್ನಂಥವಳನ್ನೂ ವೇದಿಕೆಗೆ ಕರೆದ ಅವರ ಶ್ರೀಮತಿ ವಿಮಲಮ್ಮನವರೇ, ಈಗಷ್ಟೇ ನಮ್ಮನ್ನೆಲ್ಲ ನಗಿಸಿದ ಅವರ ಮಗ ಅರುಣ್ ಅವರೇ, ಮೂವತ್ತಮೂರು ವರ್ಷ ಈ ತೋಟದ ಲೆಕ್ಕ, ಕಣ ಎರಡನ್ನೂ ನೋಡಿಕೊಳ್ಳುವ ರೈಟರ್ ಆಗಿದ್ದು ಇಂದು ನಿವೃತ್ತರಾಗುತ್ತಿರುವ ಶೇಷಪ್ಪನವರೇ, ಕಾಫಿ ಒಣಗಿಸುವ ಈ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬಂದು ಶಾಮಿಯಾನದಡಿ ಕುಳಿತಿರುವ ಸಭಿಕರೇ,

ನನ್ನ ಹೆಸರು ತನುಜಾ. ಚಿಕ್ಕಮಗಳೂರಿನವಳು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ತಪ್ಪಿದರೆ ಕ್ಷಮಿಸಿ. ಮೂರನೆಯ ಸಾಲಿನಲ್ಲಿ ಹಸಿರು ಶರ್ಟು ಹಾಕಿ ಕುಳಿತಿರುವವರು ನನ್ನ ಯಜಮಾನರು, ಪ್ರಸನ್ನಕುಮಾರ್. ನಮ್ಮ ಮದುವೆಯಾಗಿ ಇಂದಿಗೆ ನೂರಾ ಹತ್ತೊಂಬತ್ತು ದಿನ. ‘ಯಜಮಾನರು’ ಎನ್ನುವಾಗ ನನಗೆ ಇನ್ನೂ ನಗು ಬರುತ್ತದೆ. ಆದರೆ ಇವತ್ತು ನಗುವ ಹಾಗಿಲ್ಲ.

ಏಕೆಂದರೆ ನಾನು ಬರೆದು ತಂದ ಭಾಷಣ ಇಪ್ಪತ್ತು ನಿಮಿಷದ ಹಿಂದೆ ಕೆಟ್ಟುಹೋಯಿತು. ಅರುಣ್ ಅವರು ಶೇಷಪ್ಪನವರ ತೋಟದ ಡೈರಿಯಿಂದ ಕೆಲವು ಸಾಲು ಓದಿದರು. ಇಂಥ ದಿನ ಇಷ್ಟು ಇಂಚು ಮಳೆ, ಇಂಥ ದಿನ ಇಷ್ಟು ಸೆಂಟ್ ಮಳೆ (ನೂರು ಸೆಂಟಿಗೆ ಒಂದು ಇಂಚಂತೆ), ಒಂದು ದಿನವೂ ತಪ್ಪದ ಬರಹ. ಕೊನೆಗೆ, “ನಮ್ಮ ರೈಟರ್ ಮೂವತ್ತಮೂರು ವರ್ಷದಲ್ಲಿ ಒಂದೇ ಒಂದು ಸಲ ತಪ್ಪು ಮಾಡಿದ್ದಾರೆ, ಅದನ್ನೂ ಅವರೇ ಬರೆದಿಟ್ಟಿದ್ದಾರೆ” ಎಂದು ಈ ಸಾಲು ಓದಿದರು: ‘ಜನವರಿ ಒಂಬತ್ತು. ಬೆಳಗಿನ ಜಾವ ಮಳೆ, ಇಪ್ಪತ್ತೆರಡು ಸೆಂಟ್. ನಾಲ್ಕನೇ ಗುಡ್ಡೆ ನೆನೆಯಿತು. ಟಾರ್ಪಾಲ್ ತಂದಿಡಲು ಮರೆತೆ. ತಪ್ಪು ನನ್ನದು.’

ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಆಮೇಲೆ ತಾರೀಕು ತಲೆಗೆ ಹತ್ತಿತು. ಈ ವರ್ಷದ ಜನವರಿ ಒಂಬತ್ತರ ಬೆಳಗಿನ ಜಾವ ನಾನು ಎಲ್ಲಿದ್ದೆ? ಇಲ್ಲೇ ಇದ್ದೆ. ಈ ಕಣದ ಮೇಲೆ. ಈಗ ಪ್ರಸನ್ನ ಕುಳಿತಿರುವ ಜಾಗದಲ್ಲಿ ನಮ್ಮ ಟೆಂಟ್ ಇತ್ತು.

ಶೇಷಪ್ಪನವರೇ, ದಯವಿಟ್ಟು ಕೈ ಸನ್ನೆ ಮಾಡಬೇಡಿ. ನಾನು ಹೇಳಿಯೇ ಇಳಿಯುತ್ತೇನೆ.

ಸಭಿಕರೇ, ಮದುವೆಯಾದ ತಿಂಗಳಿಗೆ ನಾವಿಬ್ಬರೂ ಎರಡು ಸೈಕಲ್, ಒಂದು ಟೆಂಟ್ ಹಿಡಿದು ಹೊರಟೆವು. ಹನ್ನೊಂದು ರಾತ್ರಿ, ಒಂದೂ ಲಾಡ್ಜ್ ಇಲ್ಲ ಎಂಬುದು ನನ್ನ ಹಟ. ನಮ್ಮ ಅತ್ತೆ, “ರೂಮಿಗೆ ದುಡ್ಡಿಲ್ಲ ಅಂತ ಜನ ಅಂದ್ಕೊಳ್ತಾರೆ ಕಣೇ” ಎಂದರು. ನನಗೆ ಅದೇ ಬೇಕಿತ್ತು. ಹೊಸ ಮನೆಯಲ್ಲಿ ನನಗೆ ಏನು ಬೇಕೋ ಅದನ್ನು ನಾನು ಕೇಳುವ ಮೊದಲೇ ಎಲ್ಲರೂ ತಂದಿಡುತ್ತಿದ್ದರು. ಯಾರ ಮುಂದಾದರೂ ನಿಂತು, “ಇವತ್ತು ಮಲಗಲು ಒಂದಿಷ್ಟು ಜಾಗ ಕೊಡುವಿರಾ?” ಎಂದು ಕೇಳುವ ಸ್ಥಿತಿ ಹೇಗಿರುತ್ತದೆಂದು ನೋಡುವ ಆಸೆ. ಬೇಡುವುದನ್ನು ನಾನು ಆಟವೆಂದುಕೊಂಡಿದ್ದೆ.

ಆಟಕ್ಕೆ ನಿಯಮಗಳೂ ಇದ್ದವು. ಸಂಜೆ ನಾಲ್ಕಕ್ಕೆ ಒಂದು ಊರು ಸೇರಬೇಕು. ಹೋಟೆಲಿನಲ್ಲಿ ಕಾಫಿ ಕುಡಿಯಬೇಕು. ‘ಟೆಂಟ್ ಎಲ್ಲಿ ಹಾಕಲಿ’ ಎನ್ನಬಾರದು, ‘ಶಾಲೆಯ ಬೀಗದ ಕೈ ಯಾರ ಹತ್ತಿರ ಇರುತ್ತೆ’ ಎನ್ನಬೇಕು. ಪ್ರತಿ ಊರಿನಲ್ಲೂ ಬೀಗದ ಕೈ ಇರುವ ಒಬ್ಬರು ಇದ್ದೇ ಇರುತ್ತಾರೆ. ಅವರು ಒಪ್ಪಿದರೆ ಊರು ಒಪ್ಪಿದ ಹಾಗೆ.

ಗೋಣಿಬೀಡಿನಲ್ಲಿ ಆ ಬೀಗದ ಕೈ ಶಂಕರಮ್ಮ ಎನ್ನುವವರ ಸೊಂಟದಲ್ಲಿತ್ತು. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೆಲ್ಮೆಟ್, ಜರ್ಕಿನ್, ಶೂ.

“ಮದುವೆ ಆಗಿದ್ಯಾ?”

“ಆಗಿದೆ ಆಂಟಿ. ಒಂದು ತಿಂಗಳಾಯ್ತು.”

“ಬಾಯಲ್ಲಿ ಎಲ್ರೂ ಹೇಳ್ತಾರೆ. ಕಾಲು ತೋರ್ಸು.”

ನಡುರಸ್ತೆಯಲ್ಲಿ ಶೂ ಬಿಚ್ಚಿ, ಸಾಕ್ಸ್ ಬಿಚ್ಚಿ ಕಾಲುಂಗುರ ತೋರಿಸಿದೆ, ಮಹನೀಯರೇ. ಶಂಕರಮ್ಮನವರು ಬಗ್ಗಿ ನೋಡಿ, “ಬೆಳ್ಳೀದೇ” ಎಂದು ಪ್ರಮಾಣಪತ್ರ ಕೊಟ್ಟು, ಶಾಲೆಯ ಜಗಲಿಯ ಬೀಗ ತೆಗೆದು, ರಾತ್ರಿಗೆ ಅಕ್ಕಿ ರೊಟ್ಟಿಯನ್ನೂ ಕೊಟ್ಟರು. ಪ್ರಸನ್ನನನ್ನು ಯಾರೂ ಏನೂ ತೋರಿಸೆಂದು ಕೇಳಲಿಲ್ಲ.

ಮಾರನೆಯ ದಿನ ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟೆವು. ಮಲೆನಾಡಿನಲ್ಲಿ ಎಲ್ಲ ಇದೆ, ಟೆಂಟ್ ಹಾಕುವಷ್ಟು ಸಮತಟ್ಟು ಜಾಗ ಒಂದು ಬಿಟ್ಟು. ಐದು ಗಂಟೆಯಾಯಿತು, ಐದೂವರೆಯಾಯಿತು. ಒಂದು ಕಡೆ ಇಳಿಜಾರು, ಒಂದು ಕಡೆ ಬೇಲಿ. ನನ್ನ ಆಟ ಮೊದಲ ಬಾರಿಗೆ ಭಯ ಹುಟ್ಟಿಸಿತು. ಕೊನೆಗೆ ರಸ್ತೆ ಪಕ್ಕದ ಒಂದು ಬಯಲಿನಲ್ಲಿ ಗೂಟ ಹೊಡೆಯುತ್ತಿದ್ದಾಗ ಕೊಡೆ ಹಿಡಿದ ಒಬ್ಬರು ಬಂದು ನಿಂತರು. ಮೋಡವೇ ಇಲ್ಲದ ಆಕಾಶ, ಕೈಯಲ್ಲಿ ಕೊಡೆ. ನಾನು ಮನಸ್ಸಿನಲ್ಲೇ ನಕ್ಕೆ.

“ಇಲ್ಲಿ ಬೇಡ್ರಮ್ಮ. ಆನೆ ಇಳಿಯೋ ದಾರಿ ಇದು. ನಮ್ ಕಣಕ್ಕೆ ಬನ್ನಿ.”

“ಓನರ್ ಏನೂ ಅನ್ನಲ್ವಾ ಸರ್?” ಎಂದ ಪ್ರಸನ್ನ.

“ಕಣ ನನ್ ಜವಾಬ್ದಾರಿ. ಬನ್ನಿ.”

ಆ ಮಾತು ಹೇಳಿದಾಗ ಶೇಷಪ್ಪನವರ ಮುಖ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ. ನನ್ನ ಅಪ್ಪ ಧಾರೆ ಮಂಟಪದಲ್ಲಿ “ಇವಳು ನನ್ನ ಮಗಳು” ಎಂದು ಹೇಳುವಾಗ ಇದ್ದ ಹಾಗೆ ಇತ್ತು.

ಕಣದ ಅಂಚಿನಲ್ಲಿ ನಮ್ಮ ಶೂ ಬಿಚ್ಚಿಸಿದರು. ಒಂದು ಕಡೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯ ರಾಶಿಗೆ ಸಂಜೆಯೇ ಹೊದಿಕೆ ಹಾಕಿಯಾಗಿತ್ತು. ಇನ್ನೊಂದು ಕಡೆ ಸಿಪ್ಪೆಸಹಿತ ಒಣಗಿಸುವ ಚೆರಿ ಹರಡಿಕೊಂಡಿತ್ತು. ಮೂಲೆಯಲ್ಲಿ ನಮಗೆ ಜಾಗ ತೋರಿಸಿ, ನೀರಿನ ನಲ್ಲಿ ತೋರಿಸಿ, “ಏನಾದ್ರೂ ಬೇಕಾದ್ರೆ ಕೂಗಿ” ಎಂದು ಹೋದರು.

ಕೂಗಬೇಕಿತ್ತು, ಸಭಿಕರೇ. ಒಂದು ಕೂಗು ಹಾಕಬೇಕಿತ್ತು.

ಸಿಮೆಂಟು ತಣ್ಣಗೆ ಕೊರೆಯುತ್ತಿತ್ತು. ಕಟ್ಟೆಯ ಮೇಲೆ ನಾಲ್ಕು ನೀಲಿ ಟಾರ್ಪಾಲ್ ಅಚ್ಚುಕಟ್ಟಾಗಿ ಮಡಚಿಟ್ಟಿದ್ದವು. ನಾನು ಒಂದನ್ನು ಎತ್ತಿಕೊಂಡೆ. ಪ್ರಸನ್ನ, “ಒಂದು ಮಾತು ಕೇಳಿ ತಗೋ” ಎಂದ. ನಾನು, “ಮಡಚಿ ಇಟ್ಟಿದ್ದಾರಲ್ಲ, ಯಾರಿಗೂ ಬೇಕಿಲ್ಲ ಅಂತ ಅರ್ಥ” ಎಂದೆ. ನೂರಾ ಹತ್ತೊಂಬತ್ತು ದಿನದಲ್ಲಿ ಅವನ ಮಾತನ್ನು ನಾನು ಎಷ್ಟು ಸಲ ಹೀಗೆ ತಳ್ಳಿಹಾಕಿದ್ದೇನೋ, ಲೆಕ್ಕ ಇಟ್ಟಿಲ್ಲ. ಅದನ್ನು ಟೆಂಟಿನ ಅಡಿಗೆ ಹಾಸಿ ಸುಖವಾಗಿ ಮಲಗಿದೆವು.

ಕೊಯ್ಲಿನ ಕಾಲದಲ್ಲಿ ಕಣದ ಕಟ್ಟೆಯ ಮೇಲೆ ಮಡಚಿಟ್ಟ ಟಾರ್ಪಾಲ್ ಎಂದರೆ ಏನೆಂದು ಇಲ್ಲಿರುವ ಚಿಕ್ಕ ಮಕ್ಕಳಿಗೂ ಗೊತ್ತು. ಅಕಾಲ ಮಳೆ ಬಂದರೆ ಚೆರಿಯನ್ನು ನಾಲ್ಕು ಗುಡ್ಡೆ ಮಾಡಬೇಕು, ನಾಲ್ಕಕ್ಕೂ ಒಂದೊಂದು ಹೊದಿಸಬೇಕು. ಮೋಡವಿಲ್ಲದ ದಿನ ಕೊಡೆ ಹಿಡಿಯುವವರು ಇಡುವ ಟಾರ್ಪಾಲ್ ಅದು. ಕಾಫಿ ಕುಡಿದೇ ಬೆಳೆದ ನನಗೆ ಗೊತ್ತಿರಲಿಲ್ಲ.

ಬೆಳಗಿನ ಜಾವ ಟೆಂಟಿನ ಮೇಲೆ ಹನಿ ಬಿದ್ದ ಸದ್ದಾಯಿತು. ಹೊರಗೆ ಓಡಾಟ, ಚೆರಿ ಎಳೆಯುವ ಸದ್ದು. “ಇನ್ನೊಂದೆಲ್ಲಿ ಮಾರಾಯಾ? ನಾಲ್ಕಿತ್ತು, ನಾನೇ ಇಟ್ಟಿದ್ದೆ!” ಎಂಬ ಶೇಷಪ್ಪನವರ ಕೂಗು ನನಗೆ ಸ್ಪಷ್ಟವಾಗಿ ಕೇಳಿಸಿತು. ಆಗ ನಾನು ಏನು ಮಾಡಿದೆ? ಹೊದಿಕೆ ಎಳೆದುಕೊಂಡು ಪ್ರಸನ್ನನಿಗೆ, “ಕೇಳು, ಎಸ್ಟೇಟ್ ಲೈಫ್ ಎಷ್ಟು ಚೆಂದ” ಎಂದೆ.

ನಾವು ಎದ್ದು ಬಂದಾಗ ಮಳೆ ನಿಂತಿತ್ತು. ಶೇಷಪ್ಪನವರು ತೊಪ್ಪೆಯಾಗಿ ನಿಂತಿದ್ದರು. ಅವರ ಕಣ್ಣು ಟೆಂಟಿನ ಅಡಿಯಿಂದ ಇಣುಕುತ್ತಿದ್ದ ನೀಲಿ ಅಂಚಿನ ಮೇಲೆ ಬಿತ್ತು. ಅಲ್ಲೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ನಿದ್ದೆ ಬಂತೇನಮ್ಮ?”

“ಸೂಪರ್ ನಿದ್ದೆ ಅಂಕಲ್!”

ಹೌದು, ಹಾಗೆಯೇ ಹೇಳಿದೆ.

“ಹಂಗಾರೆ ಬೇಗ ಹೊರಡಿ. ಕಳಸದ ಏರು, ಬಿಸಿಲು ಏರೋದ್ರೊಳಗೆ ಹತ್ಬೇಕು.”

ಟಾರ್ಪಾಲನ್ನು ತಾವೇ ಮಡಚಿದರು. ಎಷ್ಟು ಶಿಸ್ತಿನ ಮನುಷ್ಯ ಎಂದುಕೊಂಡೆ. ಮಾಲೀಕರು ಬರುವ ಮೊದಲು ನಮ್ಮನ್ನು ದಾಟಿಸುತ್ತಿದ್ದಾರೆಂದು ಹೊಳೆಯಲೇ ಇಲ್ಲ. ಅಷ್ಟೇ ಅಲ್ಲ, ಸೈಕಲ್ಲಿನವರಿಗೆಂದು ನಾನು ಇಂಟರ್ನೆಟ್ಟಿನಲ್ಲಿ ಹಾಕಿದ ಪಟ್ಟಿಯಲ್ಲಿ ಈ ಕಣಕ್ಕೆ ಮೊದಲ ಸ್ಥಾನ ಕೊಟ್ಟು, ‘ಕೆಳಗೆ ಹಾಸಲು ಟಾರ್ಪಾಲೂ ಸಿಗುತ್ತದೆ’ ಎಂದು ಬರೆದಿದ್ದೇನೆ.

ಆಶ್ರಯ ಕೊಟ್ಟ ಹನ್ನೊಂದು ಜನಕ್ಕೂ ಕಾಗದ ಬರೆದೆ. ಶೇಷಪ್ಪನವರಿಗೆ ಬರೆದದ್ದನ್ನು ಅಂಚೆಯವನು ಬಂಗಲೆಗೆ ಕೊಟ್ಟನಂತೆ. ವಿಮಲಮ್ಮನವರು ಓದಿ ಖುಷಿಪಟ್ಟು ಇವತ್ತಿಗೆ ಕರೆದರು. ಕಾಗದದಲ್ಲಿ ತಾರೀಕು ಇರಲಿಲ್ಲ. ಮೊನ್ನೆ ಶೇಷಪ್ಪನವರು ಫೋನ್ ಮಾಡಿ, “ರೋಡು, ಟೆಂಟು, ಆನೆ, ಏನ್ ಬೇಕಾದ್ರೂ ಹೇಳಮ್ಮ. ತಾರೀಕು ಗೀರೀಕು ಬೇಡ, ಜನಕ್ಕೆ ಬೇಜಾರಾಗುತ್ತೆ” ಎಂದರು. ನನ್ನ ಭಾಷಣ ಉದ್ದವಾಗುತ್ತದೆಂಬ ಚಿಂತೆ ಇರಬೇಕೆಂದುಕೊಂಡೆ!

ಭಾಷಣ ಶುರುವಾಗುವ ಮೊದಲು ಪಕ್ಕದಲ್ಲಿ ಕುಳಿತಿದ್ದ, ತೋಟದ ಆಳುಗಳ ಮೇಸ್ತ್ರಿ ಬೆಳ್ಳಿಯಪ್ಪನವರು ತಮ್ಮ ಕಥೆ ಹೇಳುತ್ತಿದ್ದರು. “ಈ ವರ್ಷ ಜನವರಿ ಹತ್ತರಿಂದ ಕಣ ನಾನೇ ನೋಡ್ಕಂಡಿದ್ದು. ರೈಟ್ರಿಗೆ ವಯಸ್ಸಾಯ್ತು, ಮರೆವು ಅಂತ ಸಾಹುಕಾರ್ರು ನಂಗೆ ವಹಿಸಿದ್ರು. ಬೇಡ ಅನ್ನೋಕಾಗುತ್ತಾ?” ಮೂವತ್ತೆರಡು ಕೊಯ್ಲು ಈ ಕಣ ಕಾಯ್ದವರು ತಮ್ಮ ಕೊನೆಯ ಕೊಯ್ಲನ್ನು ಆಫೀಸಿನ ಕಿಟಕಿಯಿಂದ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು: ‘ಆ ಸೈಕಲ್ಲಿನ ಹುಡುಗಿ ತೆಗೆದುಕೊಂಡಳು.’ ಹೇಳಲಿಲ್ಲ. ಕರೆದು ತಂದವನು ನಾನು, ಕಣ ನನ್ನ ಜವಾಬ್ದಾರಿ ಎಂದುಕೊಂಡರೇನೋ. ಮಲಗಲು ಜಾಗ ಕೊಡುವುದೆಂದರೆ ಇಷ್ಟೆಲ್ಲ ಸೇರಿರುತ್ತದೆಂದು ನನಗೆ ಯಾವ ಊರಿನಲ್ಲೂ ಯಾರೂ ಹೇಳಿರಲಿಲ್ಲ.

ಚನ್ನಕೇಶವ ಸರ್, ಮುಗಿದ ಕೊಯ್ಲನ್ನು ನೀವೂ ಮರಳಿ ಕೊಡಲಾರಿರಿ, ನಾನೂ ಕೊಡಲಾರೆ. ಆದರೆ ಆ ಡೈರಿ ನಿಮ್ಮ ಮುಂದಿನ ಮೇಜಿನ ಮೇಲಿದೆ. ಇನ್ನು ಅದು ತೋಟದ ಕಪಾಟು ಸೇರುತ್ತದೆ. ಮುಂದೆ ಓದುವವರೂ ನಮ್ಮ ಹಾಗೆಯೇ ನಗುತ್ತಾರೆ. ನಿಮ್ಮ ಅಪ್ಪಣೆಯಿದ್ದರೆ ಜನವರಿ ಒಂಬತ್ತರ ಕೆಳಗೆ ಎರಡು ಸಾಲು ಬರೆಯುತ್ತೇನೆ. ಪ್ರಸನ್ನ, ನೀನೂ ಬಾ, ಸಹಿ ಹಾಕು.

ತಲೆಯಾಡಿಸಿದಿರಿ. ತುಂಬಾ ಉಪಕಾರವಾಯಿತು ಸರ್.

ಬರೆದಾಯಿತು. ನನ್ನ ಅಕ್ಷರ ಚೆನ್ನಾಗಿಲ್ಲ, ಓದಿಯೇ ಹೇಳುತ್ತೇನೆ: ‘ನಾಲ್ಕನೆಯ ಟಾರ್ಪಾಲ್ ನಮ್ಮ ಟೆಂಟಿನ ಅಡಿಯಲ್ಲಿತ್ತು, ಕೇಳದೆ ತೆಗೆದುಕೊಂಡವಳು ನಾನು. ಶೇಷಪ್ಪನವರು ಮರೆತಿರಲಿಲ್ಲ.’

ಇಷ್ಟು ಹೊತ್ತು ಕೇಳಿದ ನಿಮಗೂ, ಅಂದು ಏನನ್ನೂ ಕೇಳದೆ ಜಾಗ ಕೊಟ್ಟ ಶೇಷಪ್ಪನವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.