ಒತ್ತು ಅಂದಾಗ ಒತ್ತಿದವರು

ಬಾವಿ ಹತ್ತಿರ ಬರುತ್ತಿದ್ದ ಹಾಗೆ ಗಂಡ ಹೆಂಡತಿ ಇಬ್ಬರೂ ಮಾತು ನಿಲ್ಲಿಸಿದರು. ಯಾರೂ ಹೇಳಿಕೊಟ್ಟದ್ದಲ್ಲ... ಆ ಜಾಗ ಬಂದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡನೇ ಪಾಳಿ ಮುಗಿಸಿ, ನಡೆದು ಬರುತ್ತಿದ್ದರು. ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಅಂತ ಕಾಲಿಗೆ ಗೊತ್ತಾಗಬೇಕೇ ಹೊರತು ಕಣ್ಣಿಗಲ್ಲ. ಅಂಥ ಕತ್ತಲು.

ಹಿಂದಿನಿಂದ ಸದ್ದು ಬಂತು.

ಟಿಕ್... ಟಿಕ್... ಟಿಕ್... ಟಿಕ್...

ಪೆಡಲ್ ತುಳಿಯದೆ ಸುಮ್ಮನೆ ಉರುಳಿಸಿಕೊಂಡು ಬಂದರೆ ಸೈಕಲ್ಲಿನ ಹಿಂದಿನ ಚಕ್ರ ಮಾಡುತ್ತದಲ್ಲ, ಆ ಸದ್ದು. ಇಬ್ಬರೂ ನಿಂತರು. ಅದೂ ನಿಂತಿತು.

"ರೀ... ಹಿಂದೆ ಯಾರೋ ಇದ್ದಾರೆ."

"ಹುಳ ಕಣೆ. ಸುಮ್ನೆ ನಡಿ."

"ಯಾವ ಹುಳ ನಾವು ನಿಂತಾಗ ನಿಲ್ಲುತ್ತೆ?"

ಅವನು ಫೋನಿನ ಟಾರ್ಚ್ ಹಾಕಿ ಹಿಂದಕ್ಕೆ ಹಿಡಿದ. ಬಾವಿಯ ಕಟ್ಟೆ, ಮುಳ್ಳು ಪೊದೆ, ಖಾಲಿ ರಸ್ತೆ. ಅಷ್ಟೇ. ಮನೆ ಬರುವ ತನಕ ಮತ್ತೆ ಯಾರೂ ತಿರುಗಿ ನೋಡಲಿಲ್ಲ.

ಇದು ಯಾರೋ ಎಲ್ಲೋ ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಎಲ್ಲರ ಬಾಯಲ್ಲೂ ಅವನು ಶೋಕಿ. ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮೆಷಿನ್ ಓಡಿಸುತ್ತಾನೆ. ಹೆಂಡತಿ ಅಲ್ಲೇ ಲೇಬಲ್ ಅಂಟಿಸುತ್ತಾಳೆ. ಕ್ರಾಪು ಮಿಂಚಬೇಕು, ಶೂ ಮಿಂಚಬೇಕು, ಹೊಟ್ಟೆಗೆ ಕಮ್ಮಿಯಾದರೂ ನಡೆದೀತು... ಅಂಥ ಆಸಾಮಿ. ಒಂದು ಹಳೇ ಕಾರು ಇಟ್ಟುಕೊಂಡಿದ್ದ. ಹಾಗಾದರೆ ಅವತ್ತು ನಡೆದು ಬಂದದ್ದು ಯಾಕೆ? ಹೇಳುತ್ತೇನೆ.

ಅದಕ್ಕೆ ಮೊದಲು ಆ ರಸ್ತೆಯ ವಿಷಯ. ಹಿಂದಿನ ವರ್ಷ ಅದೇ ಬಾವಿಯ ಪಕ್ಕ ಒಂದು ಲಾರಿ ಕೆಟ್ಟು ನಿಂತಿತ್ತು. ಹಿಂದೆ ಒಂದು ದೀಪವಿಲ್ಲ. ಫ್ಯಾಕ್ಟರಿಯಲ್ಲಿ ಚಹಾ ಕೊಡುತ್ತಿದ್ದ ಕುಳ್ಳನೆಯ ಹೆಂಗಸು, ನಾವೆಲ್ಲ ಕ್ಯಾಂಟೀನ್ ಅಕ್ಕ ಅನ್ನುತ್ತಿದ್ದೆವು, ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬಂದವಳು ನೇರ ಹೋಗಿ ಅದಕ್ಕೆ ಬಡಿದಳು. ಬೆಳಗಾಗುವವರೆಗೆ ಯಾರಿಗೂ ಕಾಣಲಿಲ್ಲ. ಲಾರಿಯವನು ಬಲ್ಬು ಸುಟ್ಟಿತ್ತು ಅಂದ. ಫ್ಯಾಕ್ಟರಿಯವರು ಗೇಟಿನಾಚೆ ಆದದ್ದು ನಮ್ಮ ಹೊಣೆಯಲ್ಲ ಅಂದರು. ಹೆಂಗಸರೆಲ್ಲ ಸೇರಿ ಬೀದಿದೀಪ ಕೇಳಲು ಪಂಚಾಯ್ತಿಗೆ ಹೋದರೆ, ಕುರ್ಚಿಯಲ್ಲಿ ಕೂತವನು "ಕಂಬ ಹಾಕಿಸಿದ್ದೀವಲ್ಲಮ್ಮ" ಅಂದ. ಕಂಬ ಇದೆ ಸ್ವಾಮಿ, ದೀಪ ಇಲ್ಲ! ಕತ್ತಲಲ್ಲಿ ತಲೆ ಬಡಿದುಕೊಳ್ಳೋಕೆ ಲಾರಿ ಸಾಲದು ಅಂತ ಕಂಬ ನೆಟ್ಟಿದ್ದೀರಾ? ಸತ್ತವಳನ್ನೇ ತಪ್ಪಿತಸ್ಥೆ ಮಾಡಿ ಎಲ್ಲರೂ ಕೈ ತೊಳೆದುಕೊಂಡರು.

ಆಮೇಲೆ ಹೆಂಗಸರೇ ಒಂದು ದಾರಿ ಕಂಡುಕೊಂಡರು. ಪಾಳಿ ಬಿಟ್ಟ ಕೂಡಲೇ ಶೋಕಿಯ ಕಾರಿನ ಹಿಂದೆ ಸೈಕಲ್ಲುಗಳ ಸಾಲು. ಅವನು ನಿಧಾನ ಹೋಗಬೇಕು. ಗುಂಡಿ ಬಂದರೆ ಬ್ರೇಕು. ಕೆಂಪು ಜೋರಾಗಿ ಹತ್ತಿದರೆ ಹಿಂದಿನವರು ಇಳಿಯುತ್ತಾರೆ. ಮಂಕಾದರೆ ಮತ್ತೆ ತುಳಿಯುತ್ತಾರೆ. ಆ ಹೆಂಗಸರ ಪಾಲಿಗೆ ಸರ್ಕಾರ ಅಂತ ಏನಾದರೂ ಇದ್ದರೆ ಅದು ಶೋಕಿಯ ಕಾರಿನ ಎರಡು ಕೆಂಪು ದೀಪ.

ಮೊದಮೊದಲು ಅವನಿಗೂ ಹೆಮ್ಮೆ. ಆದರೆ ಜೊತೆಯವರು ಬಿಡಬೇಕಲ್ಲ. "ಏನಯ್ಯಾ, ಬಾತುಕೋಳಿ ಮೇಯಿಸೋಕೆ ಹೊರಟೆಯಾ?" ಅಂತ ದಿನಾ ಚುಚ್ಚು. ಅದೇ ಹೊತ್ತಿಗೆ ಮ್ಯಾನೇಜರನ ಕಾರು ಬಂತು. ಹಿಂದಿನ ದೀಪಗಳು ಕಪ್ಪು. ಕಪ್ಪು ಕನ್ನಡಕ ಹಾಕಿಕೊಂಡ ಗೂಂಡಾನ ಹಾಗೆ. ಅದನ್ನು ನೋಡಿದ್ದೇ ಇವನಿಗೆ ನಿದ್ದೆ ಹಾರಿಹೋಯಿತು. ಫೋನಿನಲ್ಲಿ ಯಾರೋ ಒಬ್ಬ ಮನೆಯಲ್ಲೇ ದೀಪಕ್ಕೆ ಕಪ್ಪು ಪೇಂಟು ಸ್ಪ್ರೇ ಹೊಡೆಯುವುದು ತೋರಿಸುತ್ತಿದ್ದ. ಅದನ್ನೇ ಹಗಲೂ ರಾತ್ರಿ ನೋಡಿದ.

ಅವತ್ತು ಬೆಳಿಗ್ಗೆ ಶುರು ಹಚ್ಚಿಕೊಂಡ. ಅಂಗಳದಲ್ಲಿ ಕಾರು ನಿಲ್ಲಿಸಿ, ಹಿಂದಿನ ಗಾಜಿಗೆಲ್ಲ ಹಳೇ ಪೇಪರ್ ಅಂಟಿಸಿ, ನೀರು ಹಾಕಿ ದೀಪ ತಿಕ್ಕಿದ. ಸರ್ರ್... ಸರ್ರ್... ಆಮೇಲೆ ಡಬ್ಬಿ ಅಲ್ಲಾಡಿಸಿದ. ಒಳಗಿನ ಗುಂಡು ಕಟಕಟಕಟ ಅಂತು.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. "ಮುಂದಿನ ದೀಪ ನಿಮಗೆ. ಹಿಂದಿನದು ಯಾರಿಗೆ?"

"ಯಾರಿಗೆ ಅಂದ್ರೆ? ಕಾರು ನಂದು."

"ಕಾರು ನಿಮ್ಮದೇ. ಆ ದೀಪ ನೀವು ಒಂದು ದಿನಾನಾದ್ರೂ ನೋಡಿದ್ದೀರಾ? ನಿಮಗೆ ಕಾಣದೇ ಇರೋದಕ್ಕೆ ಶೋಕಿ ಯಾಕೆ?"

"ಕಾಣುತ್ತೆ ಕಣೆ, ಸ್ವಲ್ಪ ಮಬ್ಬು, ಅಷ್ಟೇ. ನಿನ್ನ ಬಾತುಕೋಳಿಗಳೇನು ಕುರುಡರಾ?"

ಅವಳು ಒಳಗೆ ಹೋದಳು. ಆಮೇಲೆ ದಿನವಿಡೀ ಅವನ ಜೊತೆ ಅವಳದು ಬೇಕಾದಷ್ಟೇ ಮಾತು.

ಪೇಂಟು ಒಣಗಿರಲಿಲ್ಲ. ಹಾಗಾಗಿ ಇಬ್ಬರೂ ನಡೆದು ಕೆಲಸಕ್ಕೆ ಹೋದರು, ನಡೆದು ಬಂದರು. ಸೈಕಲ್ಲಿನ ಹೆಂಗಸರು ಗೇಟಿನಲ್ಲಿ ಸ್ವಲ್ಪ ಹೊತ್ತು ಕಾದು, ಬೈದುಕೊಂಡು, ಸುತ್ತುಬಳಸಿನ ದೊಡ್ಡ ರಸ್ತೆ ಹಿಡಿದರು.

ಮನೆ ಸೇರಿದ ಮೇಲೂ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳದ ಬಲ್ಬು ಹಾಕಿದ. ಬೆರಳಲ್ಲಿ ದೀಪ ಮುಟ್ಟಿ ನೋಡಿದ. ಒಣಗಿದೆ. ಇನ್ನೊಂದು ಕೋಟ್ ಕೊಟ್ಟರೆ ನಾಳೆ ಎಲ್ಲರ ಬಾಯಿ ಮುಚ್ಚಿಸಬಹುದು. ಆದರೆ ಬ್ರೇಕ್ ಲೈಟಿನ ವಿಷಯ ನಿಮಗೆ ಗೊತ್ತಲ್ಲ, ಒತ್ತುವವನಿಗೆ ಕಾಣುವುದಿಲ್ಲ, ನೋಡುವವನಿಗೆ ಒತ್ತಲಾಗುವುದಿಲ್ಲ. ಎರಡು ಆಳು ಬೇಕು.

"ಏ, ಬಂದು ಸ್ವಲ್ಪ ಬ್ರೇಕ್ ಒತ್ತೇ!"

"ಕಾಲು ತೊಳ್ಕೊಂಡು ಬರ್ತೀನಿ, ಇರಿ," ಅಂತ ಒಳಗಿನಿಂದ ಕೇಳಿತು.

ಅವನು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಗಾಜಿನ ತುಂಬ ಪೇಪರ್. ಒಳಗೆ ಏನೂ ಕಾಣದು. ಮುಂದಿನ ಬಾಗಿಲು ತೆಗೆದ ಸದ್ದು... ಟಪ್ ಅಂತ ಹಾಕಿದ ಸದ್ದು... ಕಾರು ಒಂದಿಷ್ಟು ಕುಗ್ಗಿತು. ಬಂದಳು.

"ಒತ್ತು."

ಟಕ್. ಕಪ್ಪಿನೊಳಗಿಂದ ಮಂಕಾಗಿ ಕೆಂಪು ಬಂತು. ಆಹಾ ಅಂದುಕೊಂಡ.

"ಬಿಡು."

ಆರಿತು. ಡಬ್ಬಿ ಅಲ್ಲಾಡಿಸಿ ಒಂದು ಕೋಟ್ ಕೊಟ್ಟ. ಸ್ಸ್ಸ್... ಆರಲಿ ಅಂತ ಕಾದ. ಒಳಗಿನಿಂದ ಮಾತಿಲ್ಲ. ಕೋಪ ಇನ್ನೂ ಇಳಿದಿಲ್ಲ ಅಂದುಕೊಂಡ.

"ಒತ್ತು."

ಈಗ ಕೆಂಪು ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಸಾಕಿತ್ತು. ಆದರೆ ಅವನ ಕೈ ನಿಲ್ಲಲಿಲ್ಲ. "ಬಿಡು" ಅಂದ. ಮತ್ತೆ ಹೊಡೆದ. ಎರಡೂ ದೀಪ ಕರಿಗಲ್ಲಿನ ಹಾಗಾದವು.

"ಒತ್ತು... ಒತ್ತೇ... ಒತ್ತಿದೀಯೇನೆ?"

ಟಕ್ ಅಂತು. ಬೆಳಕು ಬರಲಿಲ್ಲ.

ಟಕ್. ಉಸ್ಸ್... ಟಕ್. ಉಸ್ಸ್... ಟಕ್, ಟಕ್, ಟಕ್...

ಎಂಜಿನ್ ಆಫ್ ಇರುವಾಗ ಪೆಡಲ್ ಮೇಲೆ ಮೇಲೆ ತುಳಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆದರೂ ತುಳಿತ ನಿಲ್ಲಲಿಲ್ಲ. ಎದುರಿಗೆ ಏನೋ ಬಂದುಬಿಟ್ಟಿದೆ, ನಿಲ್ಲಿಸಲೇಬೇಕು ಅನ್ನುವವರು ತುಳಿಯುವ ಹಾಗೆ. ಇಡೀ ಕಾರು ಅಲುಗಿತು.

"ಏ, ಮೆಲ್ಲಗೆ! ಪೆಡಲ್ ಮುರೀತೀಯ! ನನ್ನ ಮೇಲಿನ ಸಿಟ್ಟು ಕಾರಿನ ಮೇಲೆ ಯಾಕೆ ತೀರಿಸ್ಕೋತೀಯ?"

"ರೀ... ಯಾರ ಹತ್ರ ಮಾತಾಡ್ತಿದೀರಿ?"

ದನಿ ಬಂದದ್ದು ಬೆನ್ನ ಹಿಂದಿನಿಂದ. ಹೆಂಡತಿ ಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಟವೆಲ್ಲು. ಕಾಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಕಾರಿನೊಳಗೆ... ಟಕ್, ಟಕ್, ಟಕ್.

ಅವನ ಕೈಯಿಂದ ಡಬ್ಬಿ ಬಿತ್ತು. ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಪಕ್ಕದ ಕಿಟಕಿಗೆ ಟಾರ್ಚ್ ಹಾಕಿದರು. ಒಳಗೆ ಯಾರೂ ಇಲ್ಲ. ಕೆಳಗೆ ಬ್ರೇಕ್ ಪೆಡಲ್ ಮಾತ್ರ ಹೋಗುತ್ತಿತ್ತು, ಬರುತ್ತಿತ್ತು.

"ಒರೆಸ್ರೀ," ಅಂದಳು ಅವಳು. ಪಿಸುಮಾತು.

"ಏನು?"

"ದೀಪ ಒರೆಸಿ ಅಂದೆ! ಕಾಣ್ತಾ ಇಲ್ಲ ಅಕ್ಕಂಗೆ... ಒರೆಸ್ರೀ!"

ಅವಳೇ ಮೊದಲು ಓಡಿದಳು. ಥಿನ್ನರ್ ಬಾಟಲಿಯನ್ನು ಟವೆಲ್ಲಿಗೆ ಸುರಿದು ಎಡಗಡೆಯ ದೀಪ ಹಿಡಿದಳು. ಅವನು ಅಂಗಿ ಕಳಚಿ ಬಲಗಡೆಯದು. ಮೇಲಿನ ಪೇಂಟು ಹಸಿ, ಕೈಗೆಲ್ಲ ಮೆತ್ತಿಕೊಂಡಿತು; ಬೆಳಗಿನದು ಕಚ್ಚಿಕೊಂಡಿತ್ತು. ಉಗುರಿನಲ್ಲಿ ಕೆರೆದ. ಪಾತ್ರೆ ತಿಕ್ಕುವ ಬ್ರಷ್ ತಂದು ಉಜ್ಜಿದ. ಕಣ್ಣು ಉರಿ, ಮೂಗು ಉರಿ. ಒಳಗೆ ಟಕ್, ಟಕ್, ಟಕ್. ಒಂದು ಕ್ಷಣ ಬಿಡುವಿಲ್ಲ. ತನ್ನ ಎದೆ ಯಾವುದು, ಪೆಡಲ್ ಯಾವುದು ಅಂತ ಅವನಿಗೆ ತಿಳಿಯದಾಯಿತು.

ಮೊದಲು ಒಂದು ಗೆರೆಯಷ್ಟು ಕೆಂಪು ಬಂತು. ಆಮೇಲೆ ಅಂಗೈಯಷ್ಟು. ಆಮೇಲೆ ಎರಡೂ ದೀಪ ಬಿಚ್ಚಿಕೊಂಡವು. ಗೋಡೆ ಕೆಂಪಾಯಿತು, ಅವಳ ಮುಖ ಕೆಂಪಾಯಿತು, ಅವನ ಹತ್ತೂ ಬೆರಳು ಕೆಂಪಾದವು.

ಟಕ್.

ದೀಪ ಆರಿತು. ಮತ್ತೆ ಹತ್ತಲಿಲ್ಲ. ಕಾರು ಒಂದಿಷ್ಟು ಮೇಲಕ್ಕೆದ್ದ ಹಾಗಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಗೇಟಿನ ಆಚೆ, ಟಿಕ್... ಟಿಕ್... ಟಿಕ್... ದೂರ ಹೋಯಿತು.

ಇಬ್ಬರೂ ಬೆಳಗಿನವರೆಗೆ ಒಂದೇ ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಅವನು ಒಂದೇ ಸಲ ಬಾಯಿ ತೆರೆದ.

"ನಾಳೆಯಿಂದ ಇನ್ನೂ ನಿಧಾನ ಹೋಗ್ತೀನಿ."

"ಹೂಂ," ಅಂದಳು.

ಮರುದಿನ ಪಾಳಿ ಬಿಟ್ಟಾಗ ಗೇಟಿನಲ್ಲಿ ಸೈಕಲ್ಲುಗಳ ಸಾಲು ನಿಂತೇ ಇತ್ತು. ಗೀಚಿ ಗೀಚಿ ಗಾಯವಾದ ದೀಪ ನೋಡಿ ಹೆಂಗಸರು ನಕ್ಕರು. "ಏನಪ್ಪಾ, ಬೆಕ್ಕು ಪರಚಿತಾ?" ಅವನು ಮೆಲ್ಲಗೆ ಕಾರು ಹೊರಡಿಸಿದ. ಕುರ್ಚಿಯಲ್ಲಿ ಕೂತವನು ಇವತ್ತಿಗೂ ಕೂತೇ ಇದ್ದಾನೆ, ಕಂಬದಲ್ಲಿ ಇವತ್ತಿಗೂ ದೀಪವಿಲ್ಲ. ದೆವ್ವಕ್ಕಿರುವ ಹೊಣೆ ಮನುಷ್ಯರಿಗಿಲ್ಲ, ಏನು ಹೇಳೋಣ.

ನಂಬದಿದ್ದರೆ ಬಿಡಿ. ಕಾರು ಅಲ್ಲೇ ಇದೆ, ಹೋಗಿ ನೋಡಬಹುದು. ಮರುದಿನ ಕೆಲಸಕ್ಕೆ ಹೊರಡಲು ಬಾಗಿಲು ತೆಗೆದರೆ ಡ್ರೈವರ್ ಸೀಟು ಪೂರಾ ಮುಂದಕ್ಕೆ, ಸ್ಟೀರಿಂಗಿನ ಹತ್ತಿರಕ್ಕೆ ಬಂದು ನಿಂತಿತ್ತು, ಕುಳ್ಳರು ಯಾರೋ ಎಳೆದುಕೊಂಡ ಹಾಗೆ. ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲ. ಅವನು ಆರಡಿ ಆಳು. ಎಳೆದ, ಒದ್ದ, ಎಣ್ಣೆ ಬಿಟ್ಟ. ಮೆಕಾನಿಕ್ಕು ಕೆಳಗೆ ತೂರಿಕೊಂಡು ನೋಡಿ, ಎಲ್ಲ ಸರಿ ಇದೆಯಲ್ಲ, ಯಾಕೆ ಜಾರುತ್ತಿಲ್ಲ ಅಂತ ತಲೆ ಕೆರೆದುಕೊಂಡ. ಇವತ್ತಿಗೂ ಒಂದು ಬೆರಳಷ್ಟು ಹಿಂದೆ ಸರಿದಿಲ್ಲ. ಎರಡೂ ಮಂಡಿಯನ್ನು ಸ್ಟೀರಿಂಗಿನ ಆಚೀಚೆ ಮಡಚಿಕೊಂಡೇ ಅವನು ಓಡಿಸುತ್ತಾನೆ.