ಉಂಡಿದ್ದೀರಿ ಎಂದ ಗೋಡೆ

ದೇವರನ್ನು ಬೇಡುವುದು ನಮಗೆಲ್ಲ ಬರುತ್ತದೆ. ಎದುರಿಗಿರುವ ಮನುಷ್ಯನನ್ನು ಕೇಳುವುದು ಬರುತ್ತದೆಯೇ? ಈ ಮಠದಲ್ಲಿ ಕೂತ ನೀವೆಲ್ಲ ‘ಬರುತ್ತದೆ’ ಅನ್ನುತ್ತೀರಿ. ಹಾಗಾದರೆ ಈ ಸಾಹುಕಾರನ ಕಥೆ ಕೇಳಿ.

ದಾವಣಗೆರೆ ಕಡೆಯ ಒಂದೂರಿನಲ್ಲಿ ರುದ್ರಮುನಿಯಪ್ಪ ಅಂತ ಒಬ್ಬ ದೊಡ್ಡ ಸಾಹುಕಾರ. ಅವನಿಗೆ ಸ್ವಂತ ಕಲ್ಯಾಣ ಮಂಟಪ. ಮದುವೆಗಳಲ್ಲಿ ಅನ್ನ ಚೆಲ್ಲಿ ಹೋಗುವುದನ್ನು ನೋಡಿ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಒಳ್ಳೆಯದೇ, ಉರಿಯಬೇಕು. ಅದಕ್ಕೆ ಅವನು ಪ್ರಭುಸ್ವಾಮಿ ಎಂಬ ಸಂಖ್ಯಾಶಾಸ್ತ್ರ ಓದಿದ ಹುಡುಗನನ್ನು ಕೆಲಸಕ್ಕಿಟ್ಟುಕೊಂಡ. ಎಲೆಗಳ ಮೇಲೆ ಕ್ಯಾಮೆರಾ ಹಾಕಿಸಿದ. ಯಾರು ಉಂಡರು, ಯಾರಿಗೆ ಇನ್ನೂ ಬೇಕು, ಎಲೆಯಲ್ಲಿ ಎಷ್ಟು ಉಳಿಯಿತು, ಎಲ್ಲವನ್ನೂ ಲೆಕ್ಕ ಹಾಕುವ ಕಂಪ್ಯೂಟರ್ ಕೋಡನ್ನು ಆ ಹುಡುಗ ಬರೆದ.

ಲೆಕ್ಕ ಕಂಪ್ಯೂಟರಿನೊಳಗಿದ್ದರೆ ಬಡಿಸುವವರಿಗೆ ಹೇಗೆ ತಿಳಿಯಬೇಕು? ಊಟದ ಹಾಲ್‌ನ ಗೋಡೆಗೆ ದೊಡ್ಡ ಪರದೆ ಹಾಕಿದರು. ಡ್ಯಾಶ್‌ಬೋರ್ಡ್ ಅಂತಾರಲ್ಲ, ಅದು. ಮಾಡಿದವಳು ರೇಷ್ಮಾ ಎಂಬ ಹುಡುಗಿ. ನೋಡಿ, ಕೋಡ್ ಒಂದು ಕಡೆ, ಪರದೆ ಇನ್ನೊಂದು ಕಡೆ. ಪರದೆ ಆಗಾಗ ಒಂದು ವಿಳಾಸಕ್ಕೆ ಹೋಗಿ ‘ಉಂಡವರು ಎಷ್ಟು?’ ಅಂತ ಕೇಳಬೇಕು, ಕೋಡ್ ಲೆಕ್ಕ ಮಾಡಿ ಉತ್ತರ ಕೊಡಬೇಕು. ಈ ಕೇಳುವ ಹೇಳುವ ಏರ್ಪಾಡಿಗೆ ಎಪಿಐ ಅಂತ ಹೆಸರು. ಕೇಳಿದರೆ ಮಾತ್ರ ಉತ್ತರ. ಅದೂ ಒಪ್ಪಿಕೊಂಡ ಹೆಸರಿನಲ್ಲೇ ಕೇಳಬೇಕು.

ಸಾಹುಕಾರ ಎರಡು ಕಟ್ಟಪ್ಪಣೆ ಮಾಡಿದ. ಪರದೆ ಹೇಳದೆ ಯಾರೂ ಒಂದು ಸೌಟು ಕೂಡ ಬಡಿಸಕೂಡದು. ಮತ್ತೆ, ತನ್ನ ಗೋಡೆಯ ಮೇಲೆ ಕೆಂಪು ಬಣ್ಣ ಕಾಣಕೂಡದು. ಕೋಡಿನಿಂದ ಉತ್ತರ ಬರದಿದ್ದರೆ ಪರದೆ ಕೆಂಪಾಗುವುದೇ ಸರಿ ಅಂತ ರೇಷ್ಮಾ ಹೇಳಿ ನೋಡಿದಳು. ಅಪಶಕುನ ಅಂದ. ಅವಳು ಬೇಸತ್ತು, ಉತ್ತರ ಬರದಿದ್ದರೆ ಹಿಂದೆ ಬಂದ ಉತ್ತರವನ್ನೇ ಹಸಿರಿನಲ್ಲಿ ತೋರಿಸುವ ಹಾಗೆ ಮಾಡಿಬಿಟ್ಟಳು.

ಸಾಹುಕಾರನ ಒಬ್ಬಳೇ ಮಗಳು ಸ್ಫೂರ್ತಿಯ ಮದುವೆ ಅದೇ ಮಂಟಪದಲ್ಲಿ ಗೊತ್ತಾಯಿತು. ಹಿಂದಿನ ದಿನ ಪರೀಕ್ಷೆಗೆಂದು ಸುಳ್ಳು ಅಂಕಿಗಳನ್ನು ತುಂಬಿ ನೋಡಿದರು. ಗೋಡೆ ತುಂಬ ಹಸಿರು. ಉಂಡವರು: ಎಲ್ಲರೂ. ತೃಪ್ತಿ: ಪೂರ್ಣ. ಎಲೆಯಲ್ಲಿ ಉಳಿದದ್ದು: ಏನೂ ಇಲ್ಲ. ಸಾಹುಕಾರ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ.

ಮದುವೆಯ ಬೆಳಿಗ್ಗೆ ಪ್ರಭುಸ್ವಾಮಿಗೆ ಕೋಡನ್ನು ಇನ್ನಷ್ಟು ಚೆಂದ ಮಾಡುವ ಹುಕಿ ಬಂತು. ‘ಉಂಡವರು’ ಎಂದಿದ್ದ ಹೆಸರನ್ನು ‘ಭೋಜನ ಸ್ವೀಕರಿಸಿದವರು’ ಎಂದು ಬದಲಾಯಿಸಿದ. ರೇಷ್ಮಾಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಗೊತ್ತೇ? ಹೋಳಿಗೆಯ ಲೆಕ್ಕಕ್ಕೆ ಹಳದಿ ಬಣ್ಣವೋ ಕಂದು ಬಣ್ಣವೋ ಎಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟಿದ್ದರು. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಅವರ ಯಂತ್ರಗಳು ಮಾತಾಡುತ್ತಿದ್ದವು, ಅವರು ಆಡುತ್ತಿರಲಿಲ್ಲ.

ಧಾರೆ ಮುಗಿಯಿತು. ಬೀಗರು ಮೊದಲ ಪಂಕ್ತಿಗೆ ಕೂತರು. ಪರದೆ ಹೋಗಿ ‘ಉಂಡವರು ಎಷ್ಟು?’ ಅಂತ ಕೇಳಿತು. ಆ ಹೆಸರಿನದು ಯಾವುದೂ ಇಲ್ಲಿಲ್ಲ ಅಂತ ಕೋಡ್ ಹೇಳಿತು. ಆಗ ಪರದೆ ಏನು ಮಾಡಬೇಕು? ಕಲಿಸಿದ್ದನ್ನೇ ಮಾಡಿತು. ನಿನ್ನೆಯ ಉತ್ತರವನ್ನೇ ಇಡಿಯಾಗಿ ತೋರಿಸಿತು. ಎಲ್ಲರೂ ಉಂಡಿದ್ದಾರೆ, ತೃಪ್ತಿ ಪೂರ್ಣ.

ಬಡಿಸುವವರು ಗೋಧಿ ಹುಗ್ಗಿಯ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತರು. ಹಿಂದೊಮ್ಮೆ ಪರದೆ ಹೇಳದೆ ಹೋಳಿಗೆ ಹಾಕಿದವನನ್ನು ಸಾಹುಕಾರ ಮನೆಗೆ ಕಳಿಸಿದ್ದ. ಯಾರಿಗೆ ಧೈರ್ಯ?

ಸಾಹುಕಾರ ಕೈಮುಗಿದುಕೊಂಡು ಪಂಕ್ತಿಯ ಉದ್ದಕ್ಕೂ ಬಂದ. ಊಟ ಮಾಡಿ ಹರಸಿದ್ದಕ್ಕೆ ಎಲ್ಲರಿಗೂ ಉಪಕಾರ ಹೇಳಿದ. ಬೀಗರು ಕೊಟ್ರೇಶಪ್ಪನವರು ತಮ್ಮ ಖಾಲಿ ಎಲೆ ತೋರಿಸಿದರು. ಸಾಹುಕಾರನ ಕಣ್ಣಲ್ಲಿ ನೀರು ಬಂತು.

“ಎಷ್ಟು ಚೊಕ್ಕ ಉಂಡೀರಿ ಬೀಗರೆ. ಒಂದು ಅಗಳೂ ಬಿಟ್ಟಿಲ್ಲ.”

ನಗಬೇಡಿ. ಮುಂದಿನದು ಇನ್ನೂ ವಿಚಿತ್ರ. ಗೋಡೆಯನ್ನು ನೋಡಿ ನೋಡಿ ಕೂತವರಿಗೇ ಅನುಮಾನ ಶುರುವಾಯಿತು. ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದೆ, ಸುಳ್ಳಿದ್ದೀತೇ? ಒಬ್ಬರು ಎದ್ದು ಕೈ ತೊಳೆದುಕೊಂಡರು. ಇನ್ನೊಬ್ಬರು ಖಾಲಿ ಎಲೆಯನ್ನು ಮರ್ಯಾದೆಯಿಂದ ಮಡಚಿದರು. ಒಬ್ಬರಂತೂ ಎಲೆಅಡಿಕೆ ಹಾಕಿಕೊಳ್ಳುತ್ತಾ, ಹುಗ್ಗಿಗೆ ಬೆಲ್ಲ ಸ್ವಲ್ಪ ಮುಂದಾಯಿತು ಅಂತ ಅಭಿಪ್ರಾಯ ಕೊಟ್ಟರು. ಎರಡನೆಯ ಪಂಕ್ತಿಯವರು ಬಂದು ಇವರ ಬೆನ್ನ ಹಿಂದೆ ನಿಂತರು, ಉಂಡವರು ಯಾಕೆ ಏಳುತ್ತಿಲ್ಲ ಎಂದು ಗೊಣಗಿದರು.

ಗಂಡಿನ ತಾತನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡವರು, ಹೊತ್ತು ಮೀರಿತ್ತು. ಅವರ ಹಣೆಯಲ್ಲಿ ಬೆವರು, ಬೆರಳು ನಡುಗುತ್ತಿದ್ದವು. ಕೊಟ್ರೇಶಪ್ಪನವರು ಎದ್ದು ನಿಂತರು. ಹೆಣ್ಣನ್ನು ಇವತ್ತೇ ಕರೆದುಕೊಂಡು ಹೋಗುತ್ತೇವೆ, ಈ ಹೊಸಿಲನ್ನು ಮತ್ತೆ ತುಳಿಯುವುದಿಲ್ಲ ಎಂದರು. ಸಾಹುಕಾರನಿಗೆ ಅವಮಾನವಾಯಿತು. ಉಂಡ ಮೇಲೆ ಜಗಳ ತೆಗೆಯುವುದು ದೊಡ್ಡವರ ಲಕ್ಷಣವಲ್ಲ ಅಂದ.

ಸ್ಫೂರ್ತಿ ಬಾಸಿಂಗ ಬಿಚ್ಚಿ ಹಸೆಯಿಂದ ಇಳಿದು ಬಂದಳು. ತಾತನ ಕೈಗೆ ಒಂದು ಬಾಳೆಹಣ್ಣು ಸುಲಿದು ಕೊಟ್ಟಳು. ಆಮೇಲೆ ತಂದೆಯ ಹತ್ತಿರ ಹೋದಳು.

“ಅಪ್ಪಾಜಿ, ನನ್ನ ಕೇಳ್ರಿ.”

“ಏನು ಕೇಳಲವ್ವ?”

“ನಿಂದು ಊಟ ಆತಾ ಅಂತ ಕೇಳ್ರಿ.”

ಸಾಹುಕಾರ ತಲೆಯೆತ್ತಿ ಗೋಡೆ ನೋಡಿದ. ಅಲ್ಲಿ ಮದುಮಕ್ಕಳಿಗೂ ಒಂದು ಸಾಲಿತ್ತು. ಅದೂ ಹಸಿರೇ.

“ಅಲ್ಲಿ ನೋಡಬ್ಯಾಡ್ರಿ,” ಅಂದಳು ಮಗಳು. “ನಾನು ಇಲ್ಲೇ ಅದೀನಿ.”

ಅವನು ಮಗಳ ಮುಖ ನೋಡಿದ. ತುಟಿ ಒಣಗಿತ್ತು. ಬೆಳಗಿನಿಂದ ಉಪವಾಸದ ಮುಖ ಅದು. ಮದುವೆಗೆ ಓಡಾಡಿದ ಅಷ್ಟೂ ದಿನ ಅವಳ ಮುಖವನ್ನು ನೇರವಾಗಿ ನೋಡಿದ್ದು ಅವನಿಗೆ ನೆನಪಾಗಲಿಲ್ಲ.

“ಊಟ ಆತೇನವ್ವ?” ಎಂದು ಕೇಳಿದ. ಕೇಳಿ ಉತ್ತರಕ್ಕೆ ನಿಂತ.

“ಇಲ್ಲ ಅಪ್ಪಾಜಿ. ಹೊಟ್ಟೆ ಹಸಿದೈತೆ.”

ಅಷ್ಟೇ. ಸಾಹುಕಾರ ರೇಷ್ಮೆ ಶಲ್ಯವನ್ನು ಸೊಂಟಕ್ಕೆ ಬಿಗಿದು ಹುಗ್ಗಿಯ ಬಕೆಟ್ ಕಿತ್ತುಕೊಂಡ. ಮೊದಲ ಸೌಟು ತಾತನ ಎಲೆಗೆ. ಅಲ್ಲಿಂದ ಒಬ್ಬೊಬ್ಬರ ಮುಂದೆಯೂ ಬಗ್ಗಿ, ಊಟವಾಯಿತೇ ಎಂದು ಕೇಳಿ, ಇಲ್ಲ ಎನಿಸಿಕೊಂಡು ಬಡಿಸಿದ. ಬೆಲ್ಲ ಮುಂದಾಯಿತು ಎಂದಿದ್ದವರೂ ಎಲೆಅಡಿಕೆ ಉಗುಳಿ ಬಂದು ಕೂತರು. ತಾತನ ಕೈನಡುಕ ನಿಂತಿತು. ಮೊದಲು ಉಂಡದ್ದಕ್ಕಿಂತ ಈ ಸಲದ್ದು ಚಲೋ ಐತೆ ಅಂದರು. ಕೊಟ್ರೇಶಪ್ಪನವರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಜಗಳವನ್ನು ಮುಂದುವರಿಸುವುದು ಕಷ್ಟ.

ಪ್ರಭುಸ್ವಾಮಿ, ರೇಷ್ಮಾ ಇಬ್ಬರನ್ನೂ ಸಾಹುಕಾರ ಕೊನೆಯ ಪಂಕ್ತಿಯಲ್ಲಿ ಪಕ್ಕಪಕ್ಕ ಕೂರಿಸಿದ. ಹೋಳಿಗೆ ಮುಗಿಯುವಷ್ಟರಲ್ಲಿ ಹೆಸರು ಬದಲಾದ ಸಂಗತಿ ಹೊರಗೆ ಬಂತು. ಸಂಜೆ ಅವಳು ಪರದೆಯನ್ನು ತಿದ್ದಿದಳು. ಈಗ ಉತ್ತರ ಬರದಿದ್ದರೆ ಕೆಂಪು ಅಕ್ಷರದಲ್ಲಿ ಬರುತ್ತದೆ: ಗೊತ್ತಿಲ್ಲ, ಹೋಗಿ ಕೇಳಿ.

ನಕ್ಕಿರಿ. ಸಂತೋಷ. ಈಗ ನಿಮ್ಮ ಮನೆಗೆ ಬರೋಣ.

ಮದುವೆಯಾದ ಹೊಸದರಲ್ಲಿ ನಿಮ್ಮ ಹೆಂಡತಿ, ತವರಿಗೆ ಹೋಗಬೇಕು ಅಂತೇನೂ ಇಲ್ಲ ಅಂದಿದ್ದಳು. ಆ ಉತ್ತರವನ್ನೇ ಇವತ್ತಿಗೂ ಹಸಿರಿನಲ್ಲಿ ತೋರಿಸುತ್ತಿದ್ದೀರಲ್ಲ, ಮತ್ತೆ ಕೇಳಿದ್ದೀರಾ? ಚಿಕ್ಕವನಿದ್ದಾಗ ಡಾಕ್ಟರ್ ಆಗುತ್ತೇನೆ ಎಂದಿದ್ದ ಮಗ ಈಗ ಮೀಸೆ ಬಂದು ಸುಮ್ಮನೆ ಕೂರುತ್ತಾನೆ. ಅವನನ್ನು ಕೇಳಿದ್ದೀರಾ? ತಮ್ಮನ ಜೊತೆ ಮಾತು ಬಿಟ್ಟಿದ್ದೀರಿ, ಅವನ ವಾಟ್ಸ್ಯಾಪ್ ಸ್ಟೇಟಸ್ ನೋಡಿ ಚೆನ್ನಾಗಿದ್ದಾನೆ ಅನ್ನುತ್ತೀರಿ. ನೋಡಿ, ಅದು ಅವನು ಹಾಕಿದ ಫೋಟೊ. ಅವನಲ್ಲ.

ನಮ್ಮ ಕಡೆ ಎದುರಾದವರನ್ನೆಲ್ಲ ‘ಊಟ ಆಯ್ತಾ?’ ಅನ್ನುತ್ತೇವೆ. ಎಂಥ ಒಳ್ಳೆಯ ಮಾತು! ಆದರೆ ಉತ್ತರಕ್ಕೆ ನಿಲ್ಲುತ್ತೇವೆಯೇ? ಕೇಳುತ್ತಲೇ ದಾಟಿ ಹೋಗುತ್ತೇವೆ. ಇವತ್ತಿನಿಂದ ನಿಲ್ಲಿ. ಕೇಳಿದ ಮೇಲೆ ಫೋನ್ ಕೆಳಗಿಟ್ಟು ಮುಖ ನೋಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಮಾತು ಬಿಟ್ಟವರ ಮನೆಗೆ ನೀವೇ ಹೋಗಿ.

ಇನ್ನು ಸ್ವಲ್ಪ ಹೊತ್ತಿಗೆ ದಾಸೋಹಕ್ಕೆ ಕೂರುತ್ತೀರಿ. ತುತ್ತೆತ್ತುವ ಮೊದಲು ಪಕ್ಕದವರ ಕಡೆ ತಿರುಗಿ, ಹೇಗಿದ್ದೀರಿ ಅಂತ ಒಂದು ಮಾತು ಕೇಳಿ. ಚೆನ್ನಾಗಿದ್ದೇವೆ ಅಂದರೆ ಸಂತೋಷ, ಉಣ್ಣಿ. ಒಂದು ವೇಳೆ ಅವರು ಏನೂ ಹೇಳದೆ ತಲೆ ತಗ್ಗಿಸಿದರೆ, ನಿಮ್ಮ ಸಾರು ಆರಿದರೂ ಪರವಾಗಿಲ್ಲ, ಅಲ್ಲೇ ಕೂತಿರಿ.