ಹಣೆಯ ಸುಳಿ

ತಮಿಳುನಾಡಿನ ತೇನಿ ಬಸ್‌ಸ್ಟ್ಯಾಂಡಿನಲ್ಲಿ ಕಂಬಂ ಬಸ್ಸಿಗೆ ಒಬ್ಬನೇ ಕಾಯುತ್ತಿದ್ದ ಮಣಿಯ ಕಿವಿಗೆ ತನ್ನ ಮನೆಮಾತು ಕನ್ನಡ ಬಿತ್ತು. ಪಕ್ಕದ ಬೆಂಚಿನಲ್ಲಿ ಕಾಲೇಜು ಹುಡುಗಿಯೊಬ್ಬಳು ತನ್ನ ಸೋದರತ್ತೆಗೆ ಎತ್ತುಗಳ ಫೋಟೋ ತೋರಿಸುತ್ತಿದ್ದಳು.

“ಎತ್ತಿನ ಹಣೆ ಸುಳಿ ನೋಡಿ ಒಳ್ಳೇದಾ ಕೆಟ್ಟದ್ದಾ ಅಂತ ಕಂಪ್ಯೂಟರೇ ಹೇಳ್ತದೆ, ಅತ್ತೆ. ಅದೇ ನನ್ನ ಪ್ರಾಜೆಕ್ಟು.”

“ಅದಕ್ಕೆ ಹೇಳ್ಕೊಟ್ಟೋರು ಯಾರು?”

“ನಾನೇ. ತಾತ ಹೇಳಿದ್ದನ್ನ ಒಂದೊಂದು ಫೋಟೋಗೂ ಬರೆದೆ.”

“ನನ್ನ ನೋಡೋಕೆ ಬಂದೋರೂ ಹಂಗೇ ಹಣೆ ಸುಳಿ ನೋಡಿ ಎದ್ದು ಹೋದ್ರು. ಮೂರು ಸಲ.”

ಹುಡುಗಿ ಫೋಟೋಗಳನ್ನು ಮಡಿಲಿಗಿಳಿಸಿದಳು. “ಇದು ಇಂಟರ್‌ನೆಟ್ಟಲ್ಲಿ ಸುಮ್ಮನೆ ಕೊಡೋ ಪ್ರೋಗ್ರಾಂ, ಅತ್ತೆ. ಯಾರು ಬೇಕಾದ್ರೂ ತಿದ್ದಬಹುದು.”

“ತಿದ್ದಬಹುದಾ? ಹಂಗಾದ್ರೆ ಸುಳಿ ಎಲ್ಲಿದೆ ಅಂತ ಮಾತ್ರ ಹೇಳ್ಕೊಡು, ನನ್ನ ಕಂದ. ಕೆಟ್ಟದ್ದು ಅಂತ ಹೇಳ್ಕೊಡಬೇಡ.”

ಕಂಬಂ ಬಸ್ಸು ಬಂತು. ಇಬ್ಬರೂ ಹತ್ತಿದರು. ಸುಳಿ ನೋಡಿ ತಾನೂ ಒಮ್ಮೆ ಎದ್ದು ಬಂದಿದ್ದ ಮನೆ ನೆನಪಾಗಿ, ಮಣಿ ಹತ್ತಲಿಲ್ಲ.